ತೋಳಿನ ಬಿಲ್ಲೆ, ಎದೆಯ ಹೆಸರು

ರೈಲು ನಿಲ್ದಾಣದ ಕೂಲಿಗಳ ತೋಳಿನಲ್ಲಿರುವ ಹಿತ್ತಾಳೆ ಬಿಲ್ಲೆಯನ್ನು ಹತ್ತಿರದಿಂದ ನೋಡಿದವರು ಕಡಿಮೆ. ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಗಾಡಿ ತಡವಾದ ಒಂದು ಮಧ್ಯಾಹ್ನ ನನಗೆ ನೋಡಲು ಸಿಕ್ಕಿತು. ಬೆಂಚಿನ ಆ ತುದಿಯಲ್ಲಿ ಕೂತಿದ್ದ ವಯಸ್ಸಾದ ಕೂಲಿಯೊಬ್ಬರು, ಕೇಳಿದ್ದಕ್ಕೆ ಪಟ್ಟಿ ಬಿಚ್ಚಿ ಕೈಗೇ ಕೊಟ್ಟರು. ಕಣ್ಣಿಗೆ ಕಂಡದ್ದಕ್ಕಿಂತ ಭಾರ ಜಾಸ್ತಿ. ಅಂಚು ಸವೆದು ನುಣ್ಣಗಾಗಿದೆ. ಅಕ್ಷರದ ತಗ್ಗುಗಳಲ್ಲಿ ಕಪ್ಪು ಕೊಳೆ ಕೂತಿದೆ. ಉಬ್ಬಿದ ಭಾಗ ಮಾತ್ರ ಅಂಗಿಗೂ ಬೆವರಿಗೂ ಉಜ್ಜಿ ಉಜ್ಜಿ ಹೊಳೆಯುತ್ತಿದೆ. ಮೇಲೆ ರೈಲ್ವೆಯ ಹೆಸರು, ನಡುವೆ ದೊಡ್ಡದಾಗಿ ನಂಬರು. ಅವರ ಹೆಸರು ಎಲ್ಲೂ ಇಲ್ಲ.

"ನಮ್ಮಪ್ಪಂದು ಸಾರ್ ಇದು. ಅವರಾದ್ಮೇಲೆ ನನಗೆ ಬಂತು. ನನ್ನ ಮಗ ಬೇಡ ಅಂತಾನೆ."

ಹೆಸರೇ ಇಲ್ಲದ ಒಂದು ವಸ್ತುವನ್ನು "ನಮ್ಮಪ್ಪಂದು" ಎಂದು ಹೇಳಲು ಹೇಗೆ ಸಾಧ್ಯವಾಯಿತು? ಬ್ಯಾಡ್ಜು, ಬಿಲ್ಲೆಗಳ ಬಗ್ಗೆ ಆಗಾಗ ಗೀಚಿಕೊಳ್ಳುತ್ತ ಬಂದಿರುವ ಈ ಟಿಪ್ಪಣಿಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

*

ಕೂಲಿ ರೈಲ್ವೆಯ ನೌಕರನಲ್ಲ. ಕಾಗದದಲ್ಲಿ ಅವನು ಲೈಸೆನ್ಸ್ ಪಡೆದ ಪೋರ್ಟರ್. ಸಂಬಳವಿಲ್ಲ. ಹೊರೆಗೆ ಇಷ್ಟು ಎಂದು ದರ ಗೊತ್ತುಮಾಡುವುದು ರೈಲ್ವೆ, ಕೊಡುವವರು ಪ್ರಯಾಣಿಕರು. ಬಿಲ್ಲೆ ಎಂದರೆ ಆ ನಿಲ್ದಾಣದ ಪ್ಲಾಟ್‌ಫಾರಂಗಳಲ್ಲಿ ತಲೆಯ ಮೇಲೆ ಹೊರೆ ಹೊತ್ತು ಓಡಾಡುವುದಕ್ಕೆ ಪರವಾನಗಿ, ಅಷ್ಟೆ. ಆದರೆ ವಯಸ್ಸಾಗಿಯೋ ಕಾಯಿಲೆ ಬಿದ್ದೋ ಕೈಲಾಗದೆ ಹೋದರೆ, ತೀರಿಕೊಂಡರೆ, ಆ ಬಿಲ್ಲೆಯನ್ನು ಮಗನಿಗೋ ಹತ್ತಿರದ ಸಂಬಂಧಿಗೋ ವರ್ಗ ಮಾಡಿಕೊಡಲು ಅವಕಾಶವಿದೆ. ಹಾಗಾಗಿ ಮನೆಯಲ್ಲಿ ಅದಕ್ಕೆ ಜಮೀನಿನ ಬೆಲೆ. ಗಂಡ ತೀರಿಕೊಂಡ ಮೇಲೆ ಅವನ ಬಿಲ್ಲೆ ಕಟ್ಟಿಕೊಂಡು ಪ್ಲಾಟ್‌ಫಾರಂಗೆ ಇಳಿದ ಹೆಣ್ಣುಮಕ್ಕಳೂ ದೇಶದಲ್ಲಿ ಇದ್ದಾರೆ.

2008ರ ರೈಲ್ವೆ ಬಜೆಟ್‌ನಲ್ಲಿ ಲಾಲು ಪ್ರಸಾದ್ ಯಾದವ್ ಈ ಪೋರ್ಟರುಗಳನ್ನು ಗ್ಯಾಂಗ್‌ಮನ್ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. ಅನೇಕರು ಹೋದರು, ಹೋದವರಿಗೆ ಸಂಬಳ, ಪಿಂಚಣಿಯ ದಾರಿ ಕಂಡಿತು. 2016ರಲ್ಲಿ ಆಗಿನ ರೈಲ್ವೆ ಮಂತ್ರಿ ಸುರೇಶ್ ಪ್ರಭು ಉಳಿದವರಿಗೆ 'ಸಹಾಯಕ್' ಎಂಬ ಹೆಸರು ಕೊಟ್ಟರು. ಹೆಸರು ಬದಲಾದರೂ ಸಂಬಳ ಬರಲಿಲ್ಲ. ಸೂಟ್‌ಕೇಸಿಗೆ ಚಕ್ರ ಬಂತು, ನಿಲ್ದಾಣಕ್ಕೆ ಎಸ್ಕಲೇಟರು ಬಂತು. ಮಗ ಬೇಡ ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

*

'ದೀವಾರ್' ಚಿತ್ರ ಬಂದದ್ದು 1975ರಲ್ಲಿ. ಬಂದರಿನ ಕೂಲಿಯಾಗಿದ್ದ ನಾಯಕನ ಬಿಲ್ಲೆಯ ನಂಬರು 786. ಅದು ಜೇಬಿನಲ್ಲಿದ್ದಾಗ ಗುಂಡು ತಡೆಯುತ್ತದೆ, ಕೈಜಾರಿದ ಮೇಲೆ ಅವನು ಉಳಿಯುವುದಿಲ್ಲ. 1983ರ 'ಕೂಲಿ'ಯಲ್ಲಿ ರೈಲ್ವೆ ಕೂಲಿಯ ತೋಳಿನಲ್ಲೂ ಅದೇ 786. ಆ ಚಿತ್ರದ ಹೊಡೆದಾಟದಲ್ಲಿ ಅಮಿತಾಭ್ ಬಚ್ಚನ್ ಪೆಟ್ಟು ತಿಂದು ಸಾವಿನ ಬಾಗಿಲಿಗೆ ಹೋದದ್ದು 1982ರ ಜುಲೈನಲ್ಲಿ, ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ. ಆಗಿನ ಮಾತನ್ನು ಹಿರಿಯರು ಇನ್ನೂ ಆಡುತ್ತಾರೆ.

ಎಣಿಸುವುದಕ್ಕೆಂದು ಕೊಟ್ಟ ನಂಬರು ಕಥೆಯಲ್ಲಿ ರಕ್ಷೆಯಾಗಿಬಿಟ್ಟಿದೆ. ಕಥೆ ಬರೆದವರು ಗಾಳಿಯಿಂದ ಇದನ್ನು ತಂದಿರಲಾರರು. ಬೆಂಚಿನ ಮೇಲಿದ್ದ ಆ ಹಿರಿಯರು, ನಾನು ವಾಪಸ್ ಕೊಟ್ಟಾಗ ಬಿಲ್ಲೆಯನ್ನು ಒಂದು ಸಲ ಕಣ್ಣಿಗೊತ್ತಿಕೊಂಡೇ ಕಟ್ಟಿಕೊಂಡರು.

*

ಸಾರಿಗೆ ಸಂಸ್ಥೆಯ ಆದೇಶಗಳನ್ನು ಓದಿದ್ದೀರಾ? ವರ್ಗಾವಣೆಯಾಗಲಿ, ಅಮಾನತ್ತಾಗಲಿ, ಅಪಘಾತವಿಲ್ಲದ ಸೇವೆಗೆ ಕೊಡುವ ಪದಕವಾಗಲಿ, ಹೆಸರಿನ ಬೆನ್ನಿಗೇ 'ಚಾಲಕ, ಬಿಲ್ಲೆ ಸಂಖ್ಯೆ ಇಷ್ಟು', 'ನಿರ್ವಾಹಕ, ಬಿಲ್ಲೆ ಸಂಖ್ಯೆ ಇಷ್ಟು' ಎಂದು ಇರುತ್ತದೆ. ಒಂದು ಡಿಪೋದಲ್ಲಿ ಮಂಜುನಾಥರು ಹತ್ತು ಜನ ಇದ್ದರೆ ನಂಬರಿಲ್ಲದೆ ನಡೆಯದು, ಒಪ್ಪುವ ಮಾತು. ಡಿಪೋದ ಒಳಗೆ ನಂಬರೇ ಕರೆಯುವ ಹೆಸರೂ ಆಗುತ್ತದೆ.

ಪ್ರಯಾಣಿಕರಿಗೆ ಆ ನಂಬರು ನೆನಪಾಗುವುದು ಜಗಳವಾದಾಗ. ಚಿಲ್ಲರೆ ವಿಷಯಕ್ಕೆ ಮಾತಿಗೆ ಮಾತು ಬೆಳೆದರೆ "ನಿಮ್ಮ ಬ್ಯಾಡ್ಜ್ ನಂಬರ್ ಹೇಳ್ರೀ" ಅನ್ನುತ್ತಾರೆ. ಮಳೆಯಲ್ಲಿ ಕೈ ತೋರಿಸಿದ ಮುದುಕಿಗೆ ಸ್ಟಾಪಿಲ್ಲದ ಕಡೆ ಬಸ್ ನಿಲ್ಲಿಸಿ, ಚೀಲ ಎತ್ತಿಕೊಂಡ ಕಂಡಕ್ಟರಮ್ಮನ ನಂಬರನ್ನು ಯಾರೂ ಬರೆದುಕೊಂಡದ್ದು ನಾನು ಕಂಡಿಲ್ಲ. ಹಾಗೆ ಬರೆದುಕೊಂಡು ಡಿಪೋ ಮ್ಯಾನೇಜರಿಗೆ ಎರಡು ಸಾಲಿನ ಕಾಗದ ಹಾಕಿದರೆ ಅದು ಅವರ ಸೇವಾ ಪುಸ್ತಕದವರೆಗೂ ಹೋಗಬಹುದು. ನಂಬರಿರುವುದು ಅದಕ್ಕೂ ಹೌದು ತಾನೆ?

*

ಡವಾಲಿ. ಜಿಲ್ಲಾಧಿಕಾರಿಗಳ ಬಾಗಿಲಲ್ಲಿ, ನ್ಯಾಯಾಧೀಶರ ಮುಂದೆ ನಡೆಯುವವರ ಹೆಗಲಿನಿಂದ ಸೊಂಟಕ್ಕೆ ಅಡ್ಡ ಇಳಿದಿರುವ ಪಟ್ಟಿ, ಅದರ ನಡುವೆ ಹಿತ್ತಾಳೆಯ ಮುದ್ರೆ. ಬಿಳಿ ಅಂಗಿ, ರುಮಾಲು.

ಇಲ್ಲಿ ನನ್ನ ಗೊಂದಲ ಬೇರೆ. ಡವಾಲಿ ತೊಟ್ಟವರಿಗೆ ಅಧಿಕಾರವಿಲ್ಲ. ಅಧಿಕಾರವಿರುವವರು ಒಳಗೆ ಸಾದಾ ಅಂಗಿಯಲ್ಲಿ ಕೂತಿದ್ದಾರೆ. ವಿಧಾನಸೌಧದಲ್ಲಿ ಅಹವಾಲು ತಂದ ರೈತ ಪಾಸು ಹಿಡಿದು ನಿಂತಿರುತ್ತಾನೆ, ಜವಾನರಿಗೆ ಡವಾಲಿ, ಕಾವಲಿನವರಿಗೆ ಎದೆಪಟ್ಟಿ, ಗುಮಾಸ್ತರಿಗೆ ಕೊರಳ ಗುರುತಿನ ಚೀಟಿ. ಮಂತ್ರಿಗಳಿಗೆ ಏನೂ ಇಲ್ಲ. ಎಲ್ಲರೂ ಅವರನ್ನು ಬಲ್ಲರು ಎಂಬುದು ಅದಕ್ಕಿರುವ ಸಮಾಧಾನ. 'ನೀನು ಯಾರು' ಎಂದು ಯಾರನ್ನು ಕೇಳಬಹುದೋ ಅವರಿಗೆ ಬಿಲ್ಲೆ; ಯಾರನ್ನು ಕೇಳುವ ಧೈರ್ಯ ಯಾರಿಗೂ ಇಲ್ಲವೋ ಅವರಿಗೆ ಬೇಡ. ಕೆಲವು ಕಾಲ ಇದೇ ಸೂತ್ರ ಎಂದು ನಂಬಿ ಬರೆದಿಟ್ಟುಕೊಂಡಿದ್ದೆ.

*

ಪೊಲೀಸರ ಭುಜ ಆ ಸೂತ್ರಕ್ಕೆ ಒಗ್ಗುವುದಿಲ್ಲ. ಅಲ್ಲಿ ಮೇಲೇರಿದಷ್ಟೂ ಲೋಹ ಜಾಸ್ತಿ. ಒಂದು ನಕ್ಷತ್ರ, ಕೆಂಪು-ನೀಲಿ ಪಟ್ಟಿ ಇದ್ದರೆ ಎಎಸ್ಐ. ಎರಡಿದ್ದರೆ ಪಿಎಸ್ಐ. ಮೂರು ನಕ್ಷತ್ರವಿದ್ದು ಬುಡದಲ್ಲಿ ಪಟ್ಟಿಯೂ ಇದ್ದರೆ ಇನ್‌ಸ್ಪೆಕ್ಟರ್. ಪಟ್ಟಿ ಇಲ್ಲದೆ ಬರೀ ಮೂರು ಇದ್ದರೆ ಡಿವೈಎಸ್‌ಪಿ. ಎಸ್‌ಪಿಗೆ ರಾಷ್ಟ್ರಲಾಂಛನದ ಜೊತೆ ಒಂದು ನಕ್ಷತ್ರ. ಠಾಣೆಗೆ ಅಲೆದು ರೂಢಿಯಾದ ಹಳ್ಳಿಯವರು ಇದನ್ನು ದೂರದಿಂದಲೇ ಓದಿ, ನಿಲ್ಲುವ ಭಂಗಿಯನ್ನೇ ಬದಲಿಸುತ್ತಾರೆ. ಕೆಳಗಿನವರು ಕಾಗದದಲ್ಲಿ ಪಿ.ಸಿ. ಇಷ್ಟು, ಎಚ್.ಸಿ. ಇಷ್ಟು ಎಂಬ ನಂಬರಿನಿಂದ ಬರುತ್ತಾರೆ. ನಂಬರು ಕೆಳಗೆ, ನಕ್ಷತ್ರ ಮೇಲೆ.

ಆದರೆ ನನ್ನ ಕಣ್ಣು ಹುಡುಕುವುದು ನಕ್ಷತ್ರವನ್ನಲ್ಲ, ಬಲಗಡೆ ಜೇಬಿನ ಮೇಲಿರುವ ಹೆಸರಿನ ಪಟ್ಟಿಯನ್ನು. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಂಧನದ ಬಗ್ಗೆ ಹನ್ನೊಂದು ಸೂಚನೆ ಕೊಟ್ಟಿತು. ಮೊದಲನೆಯದೇ ಇದು: ಬಂಧಿಸಲು ಬಂದವರ, ವಿಚಾರಣೆ ಮಾಡುವವರ ಎದೆಯ ಮೇಲೆ ಹೆಸರು ಮತ್ತು ಹುದ್ದೆ ನಿಖರವಾಗಿ, ಸ್ಪಷ್ಟವಾಗಿ ಕಾಣುವಂತಿರಬೇಕು. ಮುಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 41ಬಿ ಕಲಮಾಯಿತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ. ಲಾಕಪ್ಪಿನಲ್ಲಿ ಜನ ಸಾಯುತ್ತಿದ್ದರು ಎಂಬ ಕಾರಣಕ್ಕೆ ಬಂದ ಆದೇಶ ಅದು. ಕತ್ತಲಲ್ಲಿ ಮನೆಗೆ ಬಂದು ಗಂಡನನ್ನು ಕರೆದೊಯ್ದವರು ಯಾರು ಎಂದು ನಾಳೆ ಹೆಂಡತಿ ಹೇಳುವಂತಾಗಬೇಕು. ಅವಳ ಕೈಯಲ್ಲಿರುವ ಸಾಕ್ಷ್ಯ ಆ ಹೆಸರಿನ ಪಟ್ಟಿ ಒಂದೇ.

ಬ್ಯಾಡ್ಜಿನ ಉಪಯೋಗ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಗಲಭೆಯ ದಿನ ಕವಚ ತೊಟ್ಟಾಗ ಹೆಸರಿನ ಪಟ್ಟಿ ಅಡಿಯಲ್ಲಿ ಮುಚ್ಚಿಹೋಗುವುದನ್ನು ಕಂಡಾಗಲೆಲ್ಲ ಕಸಿವಿಸಿಯಾಗುತ್ತದೆ. ಕವಚದ ಮೇಲೂ ಹೆಸರು ಬರೆಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ.

*

ಒಂದು ಸರ್ಕಾರಿ ಕಚೇರಿ, ಊರು ಬೇಡ. ಕೌಂಟರಿನ ಆಚೆಯವರ ಕೊರಳಲ್ಲಿ ಗುರುತಿನ ಚೀಟಿಯ ದಾರ ಇದೆ, ಚೀಟಿ ಮಾತ್ರ ಅಂಗಿ ಜೇಬಿನೊಳಗೆ. ಪಕ್ಕದ ಮೇಜಿನವರದು ಹೊರಗಿದೆ, ಬೆನ್ನು ತಿರುಗಿದೆ. ಖಾತೆಗೆ ಅರ್ಜಿ ಕೊಟ್ಟ ಅಜ್ಜಿ "ಯಾರತ್ರ ಕೊಟ್ಟೆ ಅಂತ ಹೇಳ್ಲಪ್ಪಾ?" ಎಂದು ನನ್ನನ್ನು ಕೇಳಿದರು. ನನಗೂ ಗೊತ್ತಾಗಲಿಲ್ಲ. ಕೊನೆಗೆ "ಕನ್ನಡಕ ಹಾಕ್ಕೊಂಡೋರು" ಎಂಬ ಗುರುತಿನೊಂದಿಗೆ ಮನೆಗೆ ಹೋದರು.

*

ಆಟೋದವರ ಭಾಷೆಯಲ್ಲಿ "ಬ್ಯಾಡ್ಜ್ ಇದೆಯಾ?" ಎಂದರೆ ಎದೆಯನ್ನು ನೋಡುವುದಲ್ಲ, ಡಿಎಲ್ ನೋಡುವುದು. ಬಾಡಿಗೆ ಗಾಡಿ ಓಡಿಸಲು ಬೇಕಾದ ಅನುಮತಿಗೇ ಬ್ಯಾಡ್ಜ್ ಎಂದು ರೂಢಿಯಾಗಿದೆ. 'ಡ್ರೈವರ್ ಬೇಕಾಗಿದ್ದಾರೆ, ಬ್ಯಾಡ್ಜ್ ಇದ್ದವರಿಗೆ ಆದ್ಯತೆ' ಎಂಬ ಚೀಟಿ ಬೆಂಗಳೂರಿನ ಯಾವ ಕಂಬದ ಮೇಲಾದರೂ ಸಿಗುತ್ತದೆ.

2017ರಲ್ಲಿ ಮುಕುಂದ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 7,500 ಕಿಲೋ ಒಳಗಿನ ಬಾಡಿಗೆ ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕು, ಪ್ರತ್ಯೇಕ ಅನುಮತಿ ಬೇಡ ಎಂದಿತು. ಮರುವರ್ಷ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಅದನ್ನೇ ತಿಳಿಸಿತು. ವಿಮಾ ಕಂಪನಿಗಳು ಸುಮ್ಮನಿರಲಿಲ್ಲ. 'ಚಾಲಕನಿಗೆ ಬ್ಯಾಡ್ಜ್ ಇರಲಿಲ್ಲ, ಪರಿಹಾರ ಕೊಡೆವು' ಎನ್ನುವುದು ಅವರ ಹಳೆಯ ವಾದ. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ 2017ರ ತೀರ್ಪನ್ನೇ ಎತ್ತಿಹಿಡಿಯಿತು. ಒಂದು ಬ್ಯಾಡ್ಜ್ ಇಲ್ಲವೆಂಬ ನೆಪದಲ್ಲಿ ಅಪಘಾತದಲ್ಲಿ ಸತ್ತವರ ಮನೆಯವರಿಗೆ ಬರಬೇಕಾದ ದುಡ್ಡು ನಿಂತುಹೋಗುತ್ತಿತ್ತು ಎಂಬುದು ಈ ತೀರ್ಪುಗಳ ಓದಿನಿಂದಲೇ ನನಗೆ ಗೊತ್ತಾದದ್ದು. ಅಷ್ಟಾದರೂ ನಮ್ಮ ಬೀದಿಯ ಸ್ಟ್ಯಾಂಡಿನ ಹಿರಿಯ ಆಟೋ ಚಾಲಕರು ತಮ್ಮ ಹಳೆಯ ಲೋಹದ ಬ್ಯಾಡ್ಜನ್ನು ಮೀಟರಿನ ಹತ್ತಿರ, ದೇವರ ಪಟದ ಪಕ್ಕ ಸಿಕ್ಕಿಸಿಕೊಂಡಿದ್ದಾರೆ. ಯಾಕೆ ಎಂದರೆ, "ಇದು ಬಂದ ಮೇಲೇ ಸಾರ್ ನನಗೆ ಹೆಣ್ಣು ಕೊಟ್ಟಿದ್ದು" ಎಂದರು.

*

ಇಂಗ್ಲೆಂಡಿನಲ್ಲಿ 1697ರ ಕಾಯಿದೆ: ಪ್ಯಾರಿಷ್ ಎಂಬ ಊರ ಚರ್ಚ್ ವಲಯದಿಂದ ನೆರವು ಪಡೆಯುವ ಬಡವರು, ಅವರ ಹೆಂಡತಿ ಮಕ್ಕಳು ಸಹ, ಬಲಭುಜದ ಮೇಲೆ ಕೆಂಪು ಇಲ್ಲವೇ ನೀಲಿ ಬಟ್ಟೆಯಲ್ಲಿ 'ಪಿ' ಎಂಬ ಅಕ್ಷರ, ಜೊತೆಗೆ ಪ್ಯಾರಿಷ್‌ನ ಮೊದಲಕ್ಷರ ಹೊಲಿಸಿಕೊಂಡು ಎದ್ದು ಕಾಣುವಂತೆ ತೊಡಬೇಕು. ತೊಡದಿದ್ದರೆ ನೆರವು ಕಡಿತ, ಇಲ್ಲವೇ ಚಾಟಿಯೇಟು, ದುಡಿಮೆಯ ಶಿಕ್ಷೆ. ರದ್ದಾದದ್ದು 1810ರಲ್ಲಿ. ನೂರು ವರ್ಷ ಮೀರಿ ಒಂದು ಅಕ್ಷರ ಮಕ್ಕಳ ಭುಜದ ಮೇಲೆ ಕೂತಿತ್ತು. ಅನ್ನ ಕೊಟ್ಟು ಅದರ ಜೊತೆಗೇ ತಲೆ ತಗ್ಗಿಸುವಂತೆ ಮಾಡುವುದು ಯಾವ ಕಾಲಕ್ಕೂ ತಪ್ಪು. ನಮ್ಮ ಶಾಲೆಗಳಲ್ಲಿ ಬಿಸಿಯೂಟವನ್ನು ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಎಷ್ಟು ಒಳ್ಳೆಯ ಏರ್ಪಾಡು ಎಂದು ಇದನ್ನು ಓದಿದ ದಿನ ಮತ್ತೆ ಅನ್ನಿಸಿತು.

*

ಮೈಸೂರಿನ ಶಾಯಿ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುಮಾಡಿದ್ದು ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬರುವುದು ಅಲ್ಲಿಂದ. ಅದರೊಳಗಿನ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದರೆ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಉಗುರು ಬೆಳೆದು ಹೋಗುವವರೆಗೆ ಹೋಗದು. ಮಂತ್ರಿ ತೊಡುವ ಏಕೈಕ ಬಿಲ್ಲೆ ಎಂದರೆ ಇದೇ, ಎಡಗೈ ತೋರುಬೆರಳಿನ ಮೇಲೆ. ಮತ ಹಾಕಿ ಬಂದ ಮುದುಕರು ಬೆರಳೆತ್ತಿ ಫೋಟೊ ತೆಗೆಸಿಕೊಳ್ಳುವಾಗ ಅವರ ಮುಖದಲ್ಲಿ ಇರುವ ಕಳೆ ಬೇರೆಯೇ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆ ಒತ್ತಿದರು. ಅದಕ್ಕೆ ಅಳಿಸದ ಶಾಯಿ ಬಳಸಲು ಚುನಾವಣಾ ಆಯೋಗವೂ ಒಪ್ಪಿಗೆ ಕೊಟ್ಟಿತು. ಮುದ್ರೆ ಬಿದ್ದವರನ್ನು ನೋಡಿ ಅಂಗಡಿಯವರು ಹಿಂದೆ ಸರಿದರು, ನೆರೆಯವರು ಬಾಗಿಲು ಹಾಕಿಕೊಂಡರು. ಜನ ತುಂಬುತೋಳಿನ ಅಂಗಿ ತೊಟ್ಟು ಕೈ ಮುಚ್ಚಿಕೊಂಡರು. ಶಾಯಿಯ ಗುಣ ಎರಡೂ ಕಡೆ ಒಂದೇ. ರೋಗ ಹರಡದಂತೆ ತಡೆಯಬೇಕಿತ್ತು ನಿಜ. ಆದರೆ ಹಾಲು ತರಕಾರಿ ಬಾಗಿಲಿಗೆ ತಂದಿಡುವ ಏರ್ಪಾಡು ಮೊದಲು ಆಗಿ, ಮುದ್ರೆ ಆಮೇಲೆ ಬಂದಿದ್ದರೆ ಅದನ್ನು ನೋಡಿದವರ ಕಣ್ಣೂ ಬೇರೆಯಾಗಿರುತ್ತಿತ್ತೇನೋ.

*

ಪಕ್ಕದ ಮನೆಯ ಐದನೇ ತರಗತಿಯ ಹುಡುಗಿ ಕ್ಲಾಸ್ ಲೀಡರ್ ಆಗಿದ್ದಾಳೆ. ಸೇಫ್ಟಿ ಪಿನ್ನಿನ ಬ್ಯಾಡ್ಜನ್ನು ಭಾನುವಾರವೂ ಫ್ರಾಕಿಗೆ ಚುಚ್ಚಿಕೊಳ್ಳುತ್ತಾಳೆ. ಅವಳ ಅಣ್ಣ ಸ್ಕೌಟ್ಸ್‌ನಲ್ಲಿ ಪ್ರಥಮ ಸೋಪಾನ, ದ್ವಿತೀಯ ಸೋಪಾನ ದಾಟಿ ಈಗ ತೃತೀಯಕ್ಕೆ ಗಂಟು ಕಟ್ಟುವುದನ್ನು ಕಲಿಯುತ್ತಿದ್ದಾನೆ. ಅವನ ತೋಳಿನ ಮೇಲಿನ ಒಂದೊಂದು ಬಟ್ಟೆಯ ಬಿಲ್ಲೆಗೂ ಒಂದೊಂದು ಕಲಿತ ಕೆಲಸವಿದೆ: ಪ್ರಥಮ ಚಿಕಿತ್ಸೆ, ಅಡುಗೆ, ದಿಕ್ಕು ಗುರುತಿಸುವುದು. ಕೇಳಿದರೆ ಮಾಡಿ ತೋರಿಸುತ್ತಾನೆ. ಮಾಡಿ ತೋರಿಸಬಲ್ಲ ಬ್ಯಾಡ್ಜಿನ ಬಗ್ಗೆ ನನಗೆ ಯಾವ ಗೊಂದಲವೂ ಇಲ್ಲ.

*

ನವೆಂಬರ್ ಒಂದು. ಸಿಗ್ನಲ್ಲಿನಲ್ಲಿ ಅರಿಶಿನ ಕುಂಕುಮ ಬಣ್ಣದ ಬ್ಯಾಡ್ಜು ಮಾರುವ ಹುಡುಗನ ಮಾತು ಹಿಂದಿ. ಕೊಂಡು ಚುಚ್ಚಿಕೊಂಡವರಲ್ಲಿ ತಮಿಳಿನ ಹೂವಮ್ಮ ಇದ್ದಾರೆ, ತೆಲುಗಿನ ಮೇಸ್ತ್ರಿ ಇದ್ದಾರೆ. ಇದನ್ನು ಯಾರೂ ಕೊಡಲಿಲ್ಲ, ಯಾರೂ ಕಡ್ಡಾಯ ಮಾಡಲಿಲ್ಲ. ತಾವಾಗಿ ತೊಟ್ಟದ್ದು. ಡಿಸೆಂಬರ್ ಏಳರ ಸಶಸ್ತ್ರ ಪಡೆಗಳ ಧ್ವಜ ದಿನದ್ದು ಇನ್ನೊಂದು ಬಗೆ: 1949ರಿಂದ ನಡೆದುಬಂದದ್ದು; ಕೆಂಪು, ಕಡುನೀಲಿ, ತಿಳಿನೀಲಿಯ ಚೀಟಿ. ಹುಂಡಿಗೆ ಕಾಸು ಹಾಕಿದ್ದಕ್ಕೆ ಎದೆಯ ಮೇಲೆ ಒಂದು ರಸೀತಿ.

*

ಕಪ್ಪು ಪಟ್ಟಿ. ಆಸ್ಪತ್ರೆಯ ನರ್ಸುಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ ಡ್ರಿಪ್ ಹಾಕುತ್ತಿದ್ದರು. ಎಸ್ಮಾ ಜಾರಿಯಾದರೆ ಮುಷ್ಕರ ಹೂಡುವಂತಿಲ್ಲ. ಹೂಡಬಹುದಾಗಿದ್ದರೂ ರೋಗಿಯನ್ನು ಬಿಟ್ಟು ಹೋಗಲು ಅವರ ಮನಸ್ಸು ಒಪ್ಪುವುದಿಲ್ಲ. ಸಂಸ್ಥೆ ಕೊಟ್ಟ ಹೆಸರಿನ ಪಟ್ಟಿ ಎದೆಯ ಮೇಲೆ, ಸಂಸ್ಥೆಗೆ ಹೇಳುವ ಮಾತು ತೋಳಿನ ಮೇಲೆ. ಒಬ್ಬ ರೋಗಿ "ಯಾರು ತೀರ್ಕೊಂಡ್ರು ಸಿಸ್ಟರ್?" ಎಂದು ಕೇಳಿದ. "ಯಾರೂ ಇಲ್ಲಣ್ಣ, ಸಂಬಳ ಬಂದಿಲ್ಲ" ಅಂದರು.

*

ವೈಟ್‌ಫೀಲ್ಡ್ ಮೆಟ್ರೋದಲ್ಲಿ ಕೊರಳ ಟ್ಯಾಗುಗಳು. ಬಾಗಿಲು ತೆರೆಯುವ ಕಾರ್ಡು ಅದೇ. ಹಲವು ಕಂಪನಿಗಳಲ್ಲಿ ಕಾಯಂ ನೌಕರರ ದಾರದ ಬಣ್ಣ ಬೇರೆ, ಗುತ್ತಿಗೆಯವರದು ಬೇರೆ. ಒಂದೇ ಮೇಜು, ಒಂದೇ ಕೆಲಸ, ಕ್ಯಾಂಟೀನಿನ ಸಾಲಿನಲ್ಲಿ ಮಾತ್ರ ಯಾರು ಯಾರೆಂದು ದೂರದಿಂದಲೇ ಗೊತ್ತು. ಕೆಲಸ ಹೋದ ಸುದ್ದಿ ಕೆಲವರಿಗೆ ಮೊದಲು ಹೇಳುವುದು ಬಾಗಿಲಿನ ಯಂತ್ರ.

*

ಊಟ ತಲುಪಿಸುವ ಹುಡುಗರ ಬೆನ್ನಿನ ಚೀಲದ ಮೇಲೆ ಕಂಪನಿಯ ಹೆಸರು ಮೊಳದುದ್ದ. ಅವರ ಹೆಸರು ನಮ್ಮ ಫೋನಿನ ಪರದೆಯಲ್ಲಿ ಊಟ ಬರುವವರೆಗೆ ಇದ್ದು ಮಾಯವಾಗುತ್ತದೆ. ಕಂಪನಿ ಅವರನ್ನು ನೌಕರ ಎನ್ನುವುದಿಲ್ಲ, ಪಾರ್ಟ್ನರ್ ಎನ್ನುತ್ತದೆ. ಬಣ್ಣ ಕಂಪನಿಯದು, ದರ ಕಂಪನಿಯದು, ಪೆಟ್ರೋಲು ಅವರದು. ರೈಲ್ವೆ ಕೂಲಿಯ ಕಥೆಯನ್ನೇ ಇನ್ನೊಮ್ಮೆ ಓದಿದಂತಾಯಿತು. ಆದರೆ ಇವರಿಗೆ ಮಗನಿಗೆ ಬಿಟ್ಟುಹೋಗಲು ಬಿಲ್ಲೆಯೂ ಇಲ್ಲ. "ಐಡಿ ಬ್ಲಾಕ್ ಆಯ್ತು" ಎಂದರೆ ಅಂದಿನ ಕೂಳು ಅಲ್ಲಿಗೆ ನಿಂತಿತು.

2025ರಲ್ಲಿ ಕರ್ನಾಟಕ ಇವರಿಗಾಗಿ ಕಾನೂನು ಮಾಡಿತು: ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಗಸ್ಟಿನಲ್ಲಿ ವಿಧಾನಮಂಡಲದ ಒಪ್ಪಿಗೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕಾರಣ ಬರೆದು ತಿಳಿಸದೆ, ಹದಿನಾಲ್ಕು ದಿನದ ನೋಟಿಸು ಕೊಡದೆ ತೆಗೆಯುವಂತಿಲ್ಲ. ನೋಂದಾಯಿಸಿಕೊಂಡ ಪ್ರತಿಯೊಬ್ಬರಿಗೂ ಒಂದು ನಂಬರು. ಕಂಪನಿ ಬದಲಾದರೂ ಅದು ಬದಲಾಗದು.

ಎಲ್ಲೂ ತೊಡದ ನಂಬರು ಅದು. ಆದರೂ ಇಷ್ಟು ದಿನ ನೋಡಿದವುಗಳಲ್ಲಿ ನನಗೆ ಬಹಳ ಬೇಕೆನಿಸಿದ ಬಿಲ್ಲೆ ಅದೇ, ಏಕೆಂದರೆ ಅದನ್ನು ನೋಡಿ 'ನೀನು ಯಾರು' ಎಂದು ಯಾರೂ ಈ ಹುಡುಗನನ್ನು ಕೇಳುವುದಿಲ್ಲ. ಅದನ್ನು ತೋರಿಸಿ ಇವನೇ 'ನನ್ನ ಪಾಲು ಎಲ್ಲಿ' ಎಂದು ಕೇಳಬಹುದು. ನಿನ್ನೆ ಔಷಧಿ ತಂದುಕೊಟ್ಟ ಹುಡುಗನಿಗೆ ಹೇಳಿದೆ. ಕಲಬುರಗಿ ಕಡೆಯವನು, ಹೆಲ್ಮೆಟ್ಟು ತೆಗೆಯದೆ ನಿಂತೇ ಕೇಳಿಸಿಕೊಂಡ. "ಹೌದೇನ್ರಿ? ಅದನ್ನ ಎಲ್ಲಿ ಮಾಡಿಸ್ಬೇಕ್ರಿ ಸರ? ಆಧಾರ್ ಒಂದಿದ್ರ ಸಾಕೇನು?" ಎಂದ. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಷ್ಟರಲ್ಲಿ ಅವನ ಫೋನು ಮುಂದಿನ ಆರ್ಡರಿಗೆ ಕೂಗಿತು. ಚೀಟಿಯನ್ನು ಫೋನಿನ ಕವರಿನೊಳಗೆ ಸೇರಿಸಿ ಗಾಡಿ ಹತ್ತಿದ.